ಸಹಾಯ ಬೇಕು: ಹಿಮಚಿರತೆ ಅಡಗಿಸೋಕೆ ಬೂದುಬಣ್ಣದ ಬೆಟ್ಟ ಮಾಡೋದು ಹೇಗೆ?

ನಮಸ್ಕಾರ. ನಾನು ನಾಲ್ಕನೇ ತರಗತಿ ಟೀಚರ್. ಅಕ್ಟೋಬರ್ 23 ಹಿಮಚಿರತೆ ದಿನ. ಲಡಾಖ್, ಸ್ಪಿತಿಯ ಕಲ್ಲುಬೆಟ್ಟಗಳಲ್ಲಿ ಅದು ಎದುರಿಗೇ ಕೂತಿದ್ದರೂ ಕಾಣುವುದಿಲ್ಲ. ಇದು ಮಕ್ಕಳಿಗೆ ಆಡುತ್ತಲೇ ಗೊತ್ತಾಗಲಿ ಅಂತ ಆಸೆ.

ಬೆಂಡೆಕಾಯಿ ಅಡ್ಡ ಕತ್ತರಿಸಿ, ಕಪ್ಪು ಬಣ್ಣದಲ್ಲಿ ಅದ್ದಿ, ಬೂದು ಕಾಗದದ ಚಿರತೆಗಳ ಮೇಲೆ ಒತ್ತಿಸಿದೆ. ನಡುವೆ ಖಾಲಿ ಇರುವ ಹೂವಿನಂಥ ಚುಕ್ಕೆ, ಥೇಟ್ ಹಿಮಚಿರತೆಯದೇ! ನಿಜವಾದ ಬಾಲ ಸುಮಾರು ಒಂದು ಮೀಟರ್ ಅಂದಾಗ ಎಲ್ಲರೂ ಕೈ ಚಾಚಿ ಅಳೆದಿದ್ದೇ ಅಳೆದಿದ್ದು.

ತೊಂದರೆ ಆಗಿದ್ದು ಅಡಗಿಸುವಾಗ. ನಮ್ಮ ಅಂಗಳ ಕೆಮ್ಮಣ್ಣು, ಒಂದೇ ನಿಮಿಷಕ್ಕೆ ಎಲ್ಲ ಸಿಕ್ಕಿಬಿಟ್ಟವು. ಹಳೇ ಪೇಪರ್ ಮುದುಡಿ ಬೆಟ್ಟ ಮಾಡಿ, ಮೈದಾ ಅಂಟಿಗೆ ಒಲೆಬೂದಿ ಕಲಸಿ ಬಳಿದೆ. ಒಣಗಿದ ಮೇಲೆ ಬೂದಿ ಉದುರುತ್ತಿದೆ, ಪೇಪರಿನ ಅಕ್ಷರ ಇಣುಕುತ್ತಿದೆ.

ಬೂದಿ ಉದುರದ ಹಾಗೆ ಅಂಟಿಗೆ ಏನು ಸೇರಿಸಬೇಕು? ಇಲ್ಲಾ, ಕಡಿಮೆ ಖರ್ಚಲ್ಲಿ ಬೇರೆ ದಾರಿ ಇದೆಯಾ?