ಪಾರ್ಲರ್‌ನಲ್ಲಿ ಅಮ್ಮನ ತಲೆಗೆ ಕಡುಗಪ್ಪು ಡೈ ಹಚ್ಚಿಬಿಟ್ಟಿದ್ದಾರೆ, ಮನೆಯಲ್ಲಿ ತಿಳಿ ಮಾಡೋದು ಹೇಗೆ?

ಹಾಸನದ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 62 ವರ್ಷ. ಮುಂದಲೆ ಹೆಚ್ಚುಕಡಿಮೆ ಪೂರ್ತಿ ನರೆತಿದೆ, ಹಿಂದೆ ಅರ್ಧಂಬರ್ಧ. ಇಷ್ಟು ವರ್ಷ ಮನೆಯಲ್ಲೇ ಡಾರ್ಕ್ ಬ್ರೌನ್ ಹಚ್ಚಿಕೊಳ್ಳುತ್ತಿದ್ದರು. ಅದು ಅವರ ಮುಖಕ್ಕೆ ಚೆನ್ನಾಗಿ ಒಪ್ಪುತ್ತಿತ್ತು. ಮೊನ್ನೆ ಶನಿವಾರ ಮನೆ ಹತ್ತಿರದ ಪಾರ್ಲರ್‌ಗೆ ಹೋದರು. ಬ್ರೌನ್ ಅಂತ ಹೇಳಿಯೇ ಕೂತಿದ್ದಾರೆ. ಎದ್ದಾಗ ನೋಡಿದರೆ ಕಡುಗಪ್ಪು! ಯಾಕೆ ಅಂದಿದ್ದಕ್ಕೆ ‘ನರೆ ಜಾಸ್ತಿ ಇದೆ ಆಂಟಿ, ಕಪ್ಪೇ ಹಿಡಿಯೋದು’ ಅಂದರಂತೆ.

ಬೈತಲೆಯ ಚರ್ಮಕ್ಕೂ ಬಣ್ಣ ಇಳಿದಿದೆ. ಕುಂಕುಮ ಇಡುವ ಜಾಗದಲ್ಲಿ ಕಪ್ಪು ಗೆರೆ, ಕಿವಿಯ ಅಂಚಿನಲ್ಲೂ ಕಲೆ. ಅಮ್ಮ ಏನೂ ಹೇಳುತ್ತಿಲ್ಲ, ಆದರೆ ಹಾಲು ತರೋಕೆ ಹೋಗುವಾಗಲೂ ತಲೆ ಮೇಲೆ ಸೆರಗು ಹೊದ್ದುಕೊಂಡು ಹೋಗುತ್ತಿದ್ದಾರೆ. ನೋಡೋಕೆ ನನಗೇ ಸಂಕಟ ಆಗುತ್ತೆ.

ತಿಂಗಳ ಕೊನೆಗೆ ಅಣ್ಣನ ಮಗುವಿನ ನಾಮಕರಣ ಇದೆ. ಇದರ ಮೇಲೆ ಬ್ರೌನ್ ಡೈ ಹಚ್ಚಿದರೆ ಸರಿಹೋಗುತ್ತಾ? ಅಡುಗೆ ಸೋಡಾ, ನಿಂಬೆಹಣ್ಣು ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ, ಅದು ನಿಜಾನಾ? ಬಣ್ಣ ಪೂರ್ತಿ ಹೋಗದಿದ್ದರೂ ಪರವಾಗಿಲ್ಲ, ಸ್ವಲ್ಪ ತಿಳಿಯಾದರೆ ಸಾಕು.

ಲತಕ್ಕ ತುಮಕೂರು

ತಂಗಿ, ನಾನು ಬಹಳ ವರ್ಷ ಪಾರ್ಲರ್ ನಡೆಸಿದವಳು. ಮೊದಲು ಇದನ್ನು ಹೇಳಿ. ಅಮ್ಮನಿಗೆ ತಲೆ ತುರಿಸುತ್ತಾ? ಉರಿ ಇದೆಯಾ? ಕಣ್ಣಿನ ರೆಪ್ಪೆ ಊದಿದೆಯಾ, ಕಿವಿಯ ಹಿಂದೆ ನೀರುಗುಳ್ಳೆ ಎದ್ದಿದೆಯಾ? ಇದರಲ್ಲಿ ಒಂದು ಇದ್ದರೂ ಮನೆಯಲ್ಲಿ ಏನೂ ಮಾಡಬೇಡಿ, ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕಪ್ಪು ಡೈಗಳಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಸಾಮಾನ್ಯವಾಗಿ ಜಾಸ್ತಿ ಇರುತ್ತೆ. ವರ್ಷಗಟ್ಟಲೆ ಡೈ ಹಚ್ಚಿಕೊಂಡು ಏನೂ ಆಗದವರಿಗೂ ಇದ್ದಕ್ಕಿದ್ದ ಹಾಗೆ ಅಲರ್ಜಿ ಶುರುವಾಗಬಹುದು.

ಅಂಥದ್ದೇನೂ ಇಲ್ಲ ಅಂದರೆ ಮುಂದೆ ಓದಿ.

ಮೇಲೆ ಬ್ರೌನ್ ಹಚ್ಚಲೇಬೇಡಿ. ಡೈ ಮೇಲೆ ಡೈ ಹಚ್ಚಿದರೆ ತಿಳಿಯಾಗುವುದಿಲ್ಲ. ಅದರ ಜೊತೆ ಕಲಸುವ ಪೆರಾಕ್ಸೈಡ್ ಹುಟ್ಟುಕೂದಲಿನ ಬಣ್ಣವನ್ನು ಸ್ವಲ್ಪ ತಿಳಿ ಮಾಡುತ್ತೆ, ಆದರೆ ಮೊದಲೇ ಕೂತಿರುವ ಡೈಯನ್ನು ತಿಳಿ ಮಾಡುವುದಿಲ್ಲ. ಬುಡದಲ್ಲಿ ಹೊಸದಾಗಿ ಬಂದ ಕೂದಲು ಕೆಂಚಗಾಗುತ್ತೆ, ಉಳಿದಿದ್ದು ಕಪ್ಪಾಗಿಯೇ ಇರುತ್ತೆ. ಎರಡು ಬಣ್ಣದ ತಲೆ ಆಗುತ್ತೆ ಅಷ್ಟೇ.

ಪರ್ಮನೆಂಟ್ ಡೈ ಕೂದಲಿನ ಮೇಲೆ ಬಳಿದ ಬಣ್ಣ ಅಲ್ಲ. ಅಮೋನಿಯಾ ಕೂದಲಿನ ಹೊರಪದರವನ್ನು ಬಿಡಿಸುತ್ತೆ, ಸಣ್ಣ ಸಣ್ಣ ಕಣಗಳು ಒಳಗೆ ಹೋಗುತ್ತವೆ, ಒಳಗೆ ಪೆರಾಕ್ಸೈಡ್ ಸಿಕ್ಕಿ ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ. ಕಿರಿದಾದ ಬಾಯಿಯ ಬಾಟಲಿಯಲ್ಲಿ ಕಡಲೆಕಾಳು ನೆನೆಹಾಕಿದರೆ ಊದಿಕೊಂಡು ಆಚೆ ಬರುವುದಿಲ್ಲವಲ್ಲ, ಹಾಗೆ. ಅದಕ್ಕೇ ಬರೀ ತಿಕ್ಕಿ ತೊಳೆದರೆ ಹೋಗಲ್ಲ. ಆದರೆ ಹೊಸದರಲ್ಲಿ, ಅದೂ ನರೆಗೂದಲಿನಲ್ಲಿ, ಸ್ವಲ್ಪ ಬಣ್ಣ ಬಿಡುತ್ತೆ. ಹಾಗಾಗಿ ತಡ ಮಾಡಬೇಡಿ.

ಇವತ್ತು ರಾತ್ರಿ ಕೊಬ್ಬರಿ ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಬುಡದಿಂದ ತುದಿಯವರೆಗೂ ಧಾರಾಳವಾಗಿ ಹಚ್ಚಿ. ದಿಂಬಿಗೆ ಹಳೆ ಟವೆಲ್ ಹಾಸಿ. ಬೆಳಿಗ್ಗೆ ಹೊಟ್ಟಿನ ಶಾಂಪೂ ಹಾಕಿ ತೊಳೆಯಿರಿ. ಮೆಡಿಕಲ್ ಶಾಪ್‌ನಲ್ಲಿ ಸೆಲೆನಿಯಂ ಸಲ್ಫೈಡ್ ಇರುವ ಶಾಂಪೂ ಕೇಳಿ. ಬಣ್ಣ ಹಾಕಿದ ಕೂದಲಿಗೆ ಅದನ್ನು ಬೇಡ ಅನ್ನುವುದೇ ಬಣ್ಣ ಬಿಡಿಸುತ್ತೆ ಅಂತ, ನಿಮಗೆ ಬೇಕಿರುವುದೂ ಅದೇ. ನೊರೆಯನ್ನು ಐದು ನಿಮಿಷ ಹಾಗೇ ಬಿಟ್ಟು ಆಮೇಲೆ ತೊಳೆಯಿರಿ. ಬೋರ್‌ವೆಲ್ ನೀರಾದರೆ ನೊರೆ ಸರಿಯಾಗಿ ಬರಲ್ಲ, ಸಿಕ್ಕಿದರೆ ಮಳೆನೀರು ಅಥವಾ ನಲ್ಲಿ ನೀರು ಬಳಸಿ.

ಒಂದು ದಿನ ಬಿಟ್ಟು ವಿಟಮಿನ್ ಸಿ. 500 ಮಿಲಿಗ್ರಾಂನ ಸಾದಾ ಮಾತ್ರೆ ತನ್ನಿ. ಚೀಪುವ ಕಿತ್ತಳೆ ಬಣ್ಣದ ಮಾತ್ರೆ ಬೇಡ, ಅದರಲ್ಲಿ ಸಕ್ಕರೆ ಇರುತ್ತೆ. ಭುಜದವರೆಗಿನ ಕೂದಲಿಗೆ ಹದಿನೈದು ಇಪ್ಪತ್ತು ಮಾತ್ರೆ ಬೇಕಾಗುತ್ತೆ. ಕಲ್ಲಿನ ಕುಟ್ಟಣಿಯಲ್ಲಿ ನುಣ್ಣಗೆ ಕುಟ್ಟಿ. ಬೆರಳಿನಲ್ಲಿ ಉಜ್ಜಿದರೆ ತರಿ ಸಿಗಬಾರದು, ತರಿ ಉಳಿದರೆ ಆ ಜಾಗದಲ್ಲಿ ಮಾತ್ರ ಬಣ್ಣ ಬಿಡುತ್ತೆ, ಉಳಿದ ಕಡೆ ಬಿಡಲ್ಲ. ಅದೇ ಶಾಂಪೂಗೆ ಕಲಸಿ, ಗಾಜಿನ ಅಥವಾ ಪ್ಲಾಸ್ಟಿಕ್ ಬಟ್ಟಲಲ್ಲಿ. ಒದ್ದೆ ಕೂದಲಿಗೆ ಹಚ್ಚಿ ಶವರ್ ಕ್ಯಾಪ್ ಹಾಕಿ, ಅರ್ಧ ಗಂಟೆ ಇಡಿ. ತೊಳೆಯುವಾಗ ಕೆಂಪುಮಿಶ್ರಿತ ಕಂದು ನೀರು ಇಳಿಯುತ್ತೆ. ಆಮೇಲೆ ಕಂಡೀಶನರ್ ತಪ್ಪಿಸಬೇಡಿ. ತಲೆಯಲ್ಲಿ ಗಾಯ, ಗೀರು ಇದ್ದರೆ ಮಾಡಬೇಡಿ, ತುಂಬಾ ಉರಿಯುತ್ತೆ.

ಅಡುಗೆ ಸೋಡಾ ನನಗೆ ಸ್ವಲ್ಪವೂ ಇಷ್ಟ ಇಲ್ಲ. ಅದು ಕ್ಷಾರ. ಡೈಯಿಂದ ಮೊದಲೇ ಒರಟಾದ ಕೂದಲನ್ನು ಇನ್ನೂ ಒರಟು ಮಾಡುತ್ತೆ. ನಿಂಬೆರಸ ಹಚ್ಚಿ ಬಿಸಿಲಲ್ಲಿ ಕೂರಿಸುವುದಂತೂ ಬೇಡವೇ ಬೇಡ, ರಸ ತಾಗಿದ ಚರ್ಮ ಬಿಸಿಲಿಗೆ ಸುಟ್ಟು ಕಪ್ಪು ಕಲೆ ಬೀಳಬಹುದು.

ಬೈತಲೆ, ಕಿವಿಯ ಕಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಹತ್ತಿಯಲ್ಲಿ ಒರೆಸಿ. ಉಜ್ಜಬೇಡಿ. ಚರ್ಮ ತಾನೇ ಹೊಸದಾಗುತ್ತೆ, ನಾಮಕರಣದ ಹೊತ್ತಿಗೆ ಕುಂಕುಮದ ಜಾಗ ಖಂಡಿತ ಚೊಕ್ಕವಾಗಿರುತ್ತೆ.

ಪ್ರದೀಪ ದಾವಣಗೆರೆ

ಹೊಟ್ಟಿನ ಶಾಂಪೂ ವಿಷಯ ನಿಜ. ನಾನು ಮೀಸೆಗೆ ಡೈ ಹಚ್ಚುವವನು. ತಲೆಹೊಟ್ಟಿಗೆ ಡಾಕ್ಟರು ಕೊಟ್ಟ ಶಾಂಪೂ ಶುರು ಮಾಡಿದ ಮೇಲೆ ತಲೆಯ ಬಣ್ಣ ಬೇಗ ಇಳಿಯಿತು, ಮೀಸೆಯದು ಹಾಗೇ ಇತ್ತು.

ಸ್ಮಿತಾ ಜಿ

ಇಷ್ಟೆಲ್ಲಾ ಯಾಕೆ? ಬ್ಲೀಚ್ ಪೌಡರ್, 40 ವಾಲ್ಯೂಮ್ ಡೆವಲಪರ್ (ಡೈ, ಬ್ಲೀಚ್ ಜೊತೆ ಕಲಸುವ ಪೆರಾಕ್ಸೈಡ್) ತಂದು ಕಲಸಿ ಹಚ್ಚಿದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತೆ. ನನ್ನ ಕಸಿನ್ ಹಾಗೇ ಮಾಡಿದ್ದು.

ಲತಕ್ಕ ತುಮಕೂರು

ಸ್ಮಿತಾ, ನಿಮ್ಮ ಕಸಿನ್‌ಗೆ ವಯಸ್ಸು ಚಿಕ್ಕದಿರಬಹುದು. 62 ವರ್ಷದವರ ತಲೆಗೆ ಮನೆಯಲ್ಲಿ ಬ್ಲೀಚ್ ಹಾಕೋಕೆ ನಾನು ಒಪ್ಪಲ್ಲ. 40 ವಾಲ್ಯೂಮ್ ಅಂದರೆ 12 ಪರ್ಸೆಂಟ್ ಪೆರಾಕ್ಸೈಡ್, ಬುಡದ ಚರ್ಮ ಸುಡುತ್ತೆ. ಕಪ್ಪು ಡೈ ಮೇಲೆ ಬ್ಲೀಚ್ ಹಾಕಿದರೆ ಬ್ರೌನ್ ಬರುವುದೂ ಇಲ್ಲ, ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ಇಟ್ಟಿಗೆ ಬಣ್ಣ. ಅದನ್ನು ಮುಚ್ಚೋಕೆ ಮತ್ತೆ ಡೈ ಹಚ್ಚಬೇಕು. ಬಟ್ಟೆಗೆ, ಬಾತ್‌ರೂಮಿಗೆ ಹಾಕುವ ಬ್ಲೀಚ್ ಅಂತೂ ಯಾರೂ ಮುಟ್ಟಬೇಡಿ, ಅದು ಕೂದಲನ್ನೇ ಕರಗಿಸುತ್ತೆ.

ಹಾಸನದ ಮಗಳು

ಅಕ್ಕ, ತುಂಬಾ ಥ್ಯಾಂಕ್ಸ್. ತುರಿಕೆ, ಊತ ಏನೂ ಇಲ್ಲ. ಎಣ್ಣೆ ಹಚ್ಚಿದ್ದೇನೆ. ಆನ್‌ಲೈನ್‌ನಲ್ಲಿ ಕಲರ್ ರಿಮೂವರ್ ಅಂತ ಎರಡು ಬಾಟಲಿಯದ್ದು ಸಿಗುತ್ತೆ, ಅದು ಹೇಗೆ? ಹಿಂದೆ ಅಮ್ಮ ಆಗಾಗ ಮೆಹಂದಿ ಹಚ್ಚುತ್ತಿದ್ದರು. ಕಬ್ಬಿಣದ ಬಾಣಲೆಯಲ್ಲಿ ಟೀ ಡಿಕಾಕ್ಷನ್ ಹಾಕಿ ನೆನೆಸುವುದು. ನಡುವೆ ಯಾವುದೋ ಪ್ಯಾಕೆಟ್‌ನ ಕಪ್ಪು ಮೆಹಂದಿಯನ್ನೂ ಹಚ್ಚಿದ್ದರಂತೆ.

ಲತಕ್ಕ ತುಮಕೂರು

ಒಳ್ಳೆಯದಾಯಿತು ಇದನ್ನು ಹೇಳಿದ್ದು. ಪಾರ್ಲರ್‌ನವರು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು.

ರಿಮೂವರ್ ಬ್ಲೀಚ್ ಅಲ್ಲ. ಒಳಗೆ ಸೇರಿಕೊಂಡ ಡೈ ಕಣಗಳನ್ನು ಮತ್ತೆ ಬಿಡಿಸಿ ಸಣ್ಣದು ಮಾಡುತ್ತೆ, ಆಮೇಲೆ ನೀರಲ್ಲಿ ಹೋಗುತ್ತವೆ. ಪರ್ಮನೆಂಟ್ ಡೈಗೆ ಅದು ಕೆಲಸ ಮಾಡುತ್ತೆ. ಮೆಹಂದಿಗೆ ಮಾಡಲ್ಲ. ಮೆಹಂದಿಯ ಬಣ್ಣ ಕೂದಲಿನ ಪ್ರೋಟೀನಿಗೇ ಅಂಟಿಕೊಂಡಿರುತ್ತೆ. ಹಾಗಾಗಿ ಕಪ್ಪು ಇಳಿದ ಮೇಲೆ ಹಳೆಯ ಕೆಂಪು ತುದಿಗಳಲ್ಲಿ ಕಾಣಬಹುದು, ಗಾಬರಿ ಆಗಬೇಡಿ. ಆದರೆ ‘ಕಪ್ಪು ಮೆಹಂದಿ’ ಪ್ಯಾಕೆಟ್‌ಗಳಲ್ಲಿ ಬರೀ ಸೊಪ್ಪಿನ ಪುಡಿ ಇರಲ್ಲ. ಕೆಲವದರಲ್ಲಿ ಪಿಪಿಡಿ, ಕೆಲವದರಲ್ಲಿ ಲೋಹದ ಲವಣ. ಲೋಹ ಇರುವ ಕೂದಲಿಗೆ ಪೆರಾಕ್ಸೈಡ್ ಬಿದ್ದರೆ ಬಿಸಿಯಾಗಿ ಹೊಗೆಯಾಡಿ ತುಂಡಾಗುವುದೂ ಉಂಟು.

ಅದಕ್ಕೆ ಒಂದು ಪರೀಕ್ಷೆ. ಅಮ್ಮನ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ದಾರದಲ್ಲಿ ಕಟ್ಟಿ. ಗಾಜಿನ ಲೋಟದಲ್ಲಿ 20 ವಾಲ್ಯೂಮ್ ಡೆವಲಪರ್ ಹಾಕಿ ಅರ್ಧ ಗಂಟೆ ಮುಳುಗಿಸಿಡಿ. ಗುಳ್ಳೆ ಎದ್ದರೆ, ಲೋಟ ಬಿಸಿಯಾದರೆ, ಕೂದಲು ಎಳೆದರೆ ಅಂಟಂಟಾಗಿ ಕಿತ್ತರೆ ರಿಮೂವರೂ ಬೇಡ, ಡೈಯೂ ಬೇಡ. ಎಣ್ಣೆ, ಶಾಂಪೂ ಅಷ್ಟೇ.

ರಿಮೂವರ್ ಹಾಕುವುದಾದರೂ ಮೊದಲು ಕಿವಿಯ ಹಿಂದಿನ ಒಂದು ಎಳೆಗೆ ಹಾಕಿ ನೋಡಿ. ಕೊಳೆತ ಮೊಟ್ಟೆ ವಾಸನೆ ಬರುತ್ತೆ, ಕಿಟಕಿ ತೆಗೆದಿಡಿ. ಎಲ್ಲರೂ ಅವಸರ ಮಾಡುವುದು ತೊಳೆಯುವ ಹೊತ್ತಿನಲ್ಲಿ. ಬಿಡಿಸಿದ ಕಣ ಒಳಗೇ ಉಳಿದರೆ ಗಾಳಿ ತಾಗಿ ಮತ್ತೆ ಸೇರಿಕೊಂಡು ಕಪ್ಪಾಗುತ್ತೆ. ಡಬ್ಬಿಯ ಮೇಲೆ ಎಷ್ಟು ಹೊತ್ತು ತೊಳೆಯಿರಿ ಅಂತ ಇದೆಯೋ ಅಷ್ಟು ಹೊತ್ತು ಧಾರೆ ನೀರಲ್ಲಿ ತೊಳೆಯಲೇಬೇಕು. ಬಗ್ಗಿ ನಿಂತರೆ ಅಮ್ಮನಿಗೆ ಕುತ್ತಿಗೆ ನೋಯುತ್ತೆ, ಸ್ಟೂಲ್ ಮೇಲೆ ಕೂರಿಸಿ.

ನಾನಾಗಿದ್ದರೆ ಮೊದಲು ಎಣ್ಣೆ, ವಿಟಮಿನ್ ಸಿ ಮಾಡಿ ನೋಡುತ್ತಿದ್ದೆ. ರಿಮೂವರ್ ಕೊನೆಗೆ.

ಹಾಸನದ ಮಗಳು

ಅಕ್ಕ, ಲೋಟದ ಪರೀಕ್ಷೆಯಲ್ಲಿ ಏನೂ ಆಗಲಿಲ್ಲ. ಆದರೂ ರಿಮೂವರ್ ತರಿಸಲಿಲ್ಲ, ಬೇಕಾಗಲಿಲ್ಲ. ಎಣ್ಣೆ, ವಿಟಮಿನ್ ಸಿ ಎರಡೂ ಮಾಡಿದೆವು. ಮುಂದಲೆಯ ಬಣ್ಣ ಚೆನ್ನಾಗಿ ಇಳಿದಿದೆ, ಬಿಸಿಲಲ್ಲಿ ನೋಡಿದರೆ ಕಾಫಿಪುಡಿ ಬಣ್ಣ. ಹಿಂದೆ ಇನ್ನೂ ಕಪ್ಪು, ಆದರೆ ಜಡೆ ಹೆಣೆದರೆ ಅಷ್ಟೇನೂ ಎದ್ದು ಕಾಣಲ್ಲ. ಸೆರಗು ಹೊದೆಯುವುದನ್ನು ಬಿಟ್ಟಿದ್ದಾರೆ! ಕೂದಲು ಸ್ವಲ್ಪ ಒರಟಾಗಿದೆ. ಮುಂದಿನ ಸಲ ಬುಡಕ್ಕೆ ಹಚ್ಚುವಾಗ ಏನು ನೋಡಿಕೊಳ್ಳಬೇಕು?

ಲತಕ್ಕ ತುಮಕೂರು

ಓದಿ ತುಂಬಾ ಸಂತೋಷ ಆಯಿತು. ಒರಟಿಗೆ ವಾರಕ್ಕೊಮ್ಮೆ ಎಣ್ಣೆ, ಪ್ರತಿ ಸಲ ಕಂಡೀಶನರ್. ಹೊಟ್ಟಿನ ಶಾಂಪೂ ಈಗ ನಿಲ್ಲಿಸಿ, ಸೌಮ್ಯವಾದದ್ದು ಹಾಕಿ. ಹೊಸ ಬಣ್ಣ ಕೆಲವು ವಾರ ಬೇಡ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತೆ, ನಾಮಕರಣದ ಹೊತ್ತಿಗೆ ಬುಡದಲ್ಲಿ ಬಿಳಿ ಗೆರೆ ಕಂಡರೆ ಹೂ ಮುಡಿಸಿ ಸಾಕು.

ನರೆ ಜಾಸ್ತಿ ಇದ್ದರೆ ಕಪ್ಪೇ ಹಿಡಿಯೋದು ಅನ್ನುವುದು ಸುಳ್ಳು. ಬ್ರೌನ್ ಕೂಡ 20 ವಾಲ್ಯೂಮ್ ಡೆವಲಪರ್ ಜೊತೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಪೂರ್ತಿ ಇಟ್ಟರೆ ನರೆಗೆ ಚೆನ್ನಾಗಿ ಹಿಡಿಯುತ್ತೆ. ಬುಡಕ್ಕೆ ಮಾತ್ರ ಹಚ್ಚಿ, ಪ್ರತಿ ಸಲ ತುದಿಯವರೆಗೂ ಎಳೆದರೆ ಪದರದ ಮೇಲೆ ಪದರ ಕೂತು ತುದಿ ಕಪ್ಪಾಗುತ್ತಾ ಹೋಗುತ್ತೆ. ಹಚ್ಚುವ ಮೊದಲು ಹಣೆ, ಕಿವಿ, ಬೈತಲೆ ಪಕ್ಕ ವ್ಯಾಸಲೀನ್ ಸವರಿ. ಎರಡು ದಿನ ಮುಂಚೆ ಕಿವಿಯ ಹಿಂದೆ ಚುಕ್ಕೆಯಷ್ಟು ಡೈ ಹಚ್ಚಿ ನೋಡುವುದನ್ನು ಮರೆಯಬೇಡಿ. ಮತ್ತೆ ಪಾರ್ಲರ್‌ಗೆ ಹೋದರೆ ಬಟ್ಟಲಲ್ಲಿ ಕಲಸುವ ಮೊದಲೇ ಟ್ಯೂಬ್ ಕೇಳಿ ನಂಬರ್ ನೋಡಲಿ. 1 ಅಂದರೆ ಕಪ್ಪು, 3 ಡಾರ್ಕ್ ಬ್ರೌನ್, 4 ಬ್ರೌನ್. ಅಮ್ಮನಿಗೆ 3 ಅಥವಾ 4, ಅವರಿಗೆ ಯಾವುದು ಇಷ್ಟವೋ ಅದು.