ಆಟದ ನಡುವೆ ಬಲಗೈ ಕಂಟ್ರೋಲರ್ ಮಾಯ ಆಗುತ್ತಿದೆ, ದಯವಿಟ್ಟು ಯಾರಾದರೂ ದಾರಿ ತೋರಿಸಿ

ಮೂಡಿಗೆರೆ_ಮಳೆ:
ನಾಲ್ಕು ದಿನದಿಂದ ಇದೇ ಕಾಟ. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ವಿಆರ್ ಆಟ ಆಡುವಾಗ ಆಟದೊಳಗಿನ ನನ್ನ ಬಲಗೈ ಗಾಳಿಯಲ್ಲಿ ಹಾಗೇ ನಿಂತುಬಿಡುತ್ತದೆ. ಒಂದೆರಡು ಸೆಕೆಂಡ್ ಆದಮೇಲೆ ಎಲ್ಲಿಂದಲೋ ಹಾರಿ ಬಂದು ಜಾಗಕ್ಕೆ ಕೂರುತ್ತದೆ. ಎಡಗೈ ಸರಿಯಾಗಿದೆ. ಅನ್‌ಪೇರ್ ಮಾಡಿ ಮತ್ತೆ ಪೇರ್ ಮಾಡಿದೆ. ಹೆಡ್‌ಸೆಟ್ ಪೂರ್ತಿ ರೀಸೆಟ್ ಮಾಡಿ ಮೂರು ತಿಂಗಳು ಆಡಿದ್ದೆಲ್ಲ ಕಳೆದುಕೊಂಡೆ. ನಮ್ಮೂರಲ್ಲಿ ಇದನ್ನು ಬಿಚ್ಚಿ ನೋಡುವವರು ಯಾರೂ ಇಲ್ಲ. ಬೆಂಗಳೂರಿಗೆ ಕಳಿಸಿದರೆ ವಾಪಸ್ ಯಾವಾಗ ಬರುತ್ತೋ. ತಂಗಿ ಮಗ ರಜಕ್ಕೆ ಬರುತ್ತಾನೆ, ಅಷ್ಟರೊಳಗೆ ಸರಿ ಮಾಡಬೇಕು.

ಹಾಸನ_ಸ್ಟೇಷನ್:
ಯಾವ ಮಾಡೆಲ್ ಅಂತ ಹೇಳಲೇ ಇಲ್ಲವಲ್ಲ ಗುರು. ಇರಲಿ, ಇದು ಬೆಳಕಿನದೇ ಸಮಸ್ಯೆ. ಹೊರದೇಶದಿಂದ ತರಿಸಿದ ಸೆಟ್ ಅಲ್ವಾ? ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕಿಂಗ್ ಫ್ರೀಕ್ವೆನ್ಸಿ 60 ಇರಬಹುದು. ಅಮೆರಿಕದ ಕರೆಂಟ್ 60 ಹರ್ಟ್ಸ್, ನಮ್ಮದು 50. ನಮ್ಮ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಕಾಣದಿದ್ದರೂ ಕೈ ಎಲ್ಲಿದೆ ಅಂತ ನೋಡುವ ಹೆಡ್‌ಸೆಟ್ ಕ್ಯಾಮೆರಾಕ್ಕೆ ಕಾಣುತ್ತದೆ. 50ಕ್ಕೆ ಹಾಕಿ ನೋಡಿ.

ಮೂಡಿಗೆರೆ_ಮಳೆ:
ರಿಂಗ್ ಇರುವ ಕಂಟ್ರೋಲರ್, ತಲಾ ಒಂದು ಡಬಲ್ ಎ ಸೆಲ್. 50ಕ್ಕೆ ಹಾಕಿದೆ. ಏನೂ ಬದಲಾಗಲಿಲ್ಲ.

ಹಾಸನ_ಸ್ಟೇಷನ್:
ಹಾಗಾದರೆ ರೂಮಿನಲ್ಲಿ ಕನ್ನಡಿ ಇದೆಯಾ? ಸೀರಿಯಲ್ ಲೈಟ್ ಇದೆಯಾ? ಆ ರಿಂಗ್ ಒಳಗೆ ಇನ್‌ಫ್ರಾರೆಡ್ ಎಲ್‌ಇಡಿ ಚುಕ್ಕೆಗಳಿರುತ್ತವೆ. ಹೆಡ್‌ಸೆಟ್ ಅವುಗಳನ್ನು ನೋಡಿಯೇ ಕೈ ಎಲ್ಲಿದೆ ಅಂತ ಲೆಕ್ಕ ಹಾಕುವುದು. ಗೋಡೆ ಮೇಲೆ ಸೀರಿಯಲ್ ಲೈಟ್ ಉರಿಯುತ್ತಿದ್ದರೆ ಅದಕ್ಕೆ ಗೊಂದಲ. ನಮ್ಮ ಮನೆಯಲ್ಲಿ ದೀಪಾವಳಿಗೆ ಇದೇ ಆಗಿತ್ತು.

ಕಡೂರು_ತೆಂಗು:
ಸೆಲ್ ಯಾವುದು ಹಾಕಿದ್ದೀರಿ? ಚಾರ್ಜ್ ಮಾಡುವ ಸೆಲ್ ಆದರೆ ಅದೇ ಕಾರಣ. ಅದು 1.2 ವೋಲ್ಟ್, ಮಾಮೂಲಿ ಸೆಲ್ 1.5. ಕಮ್ಮಿ ಬೀಳುತ್ತದೆ.

ಸಕಲೇಶಪುರ_ಘಾಟ್:
ಇದನ್ನು ಎಷ್ಟು ಸಲ ಹೇಳುವುದು ಮಾರಾಯ್ರೆ! ಮಾಮೂಲಿ ಸೆಲ್ 1.5ರಿಂದ ಶುರುವಾಗಿ ಇಳಿಯುತ್ತಾ ಹೋಗುತ್ತದೆ. ಚಾರ್ಜ್ ಸೆಲ್ ಕೊನೆಯವರೆಗೂ ಹೆಚ್ಚು ಕಮ್ಮಿ 1.2ರಲ್ಲೇ ನಿಲ್ಲುತ್ತದೆ. ನಾನು ಎರಡು ವರ್ಷದಿಂದ ಅದನ್ನೇ ಹಾಕುತ್ತಿದ್ದೇನೆ.

ಕಡೂರು_ತೆಂಗು:
ನಿಮ್ಮದು ನಡೆಯುತ್ತದೆ ಅಂತ ಎಲ್ಲರದೂ ನಡೆಯಬೇಕು ಅಂತೇನಿಲ್ಲ. ನನ್ನದರಲ್ಲಿ ಚಾರ್ಜ್ ಸೆಲ್ ಹಾಕಿದರೆ ಎಷ್ಟಿದೆ ಅಂತ ಸರಿಯಾಗಿ ತೋರಿಸುವುದೇ ಇಲ್ಲ.

ಸಕಲೇಶಪುರ_ಘಾಟ್:
ತೋರಿಸುವ ಲೆಕ್ಕ ಬೇರೆ, ಓಡುವುದು ಬೇರೆ. ಮಿಕ್ಕ ವಿಷಯ ಬಿಡಿ, ನಾನು ಈಗ ಕ್ವೆಸ್ಟ್ 3 ಹೆಡ್‌ಸೆಟ್ ತೆಗೆದುಕೊಂಡೆ. 2023ರಲ್ಲಿ ಬಂದದ್ದು, ಕಂಟ್ರೋಲರ್‌ಗೆ ರಿಂಗೇ ಇಲ್ಲ, ಆದ್ದರಿಂದ ಎರಡೂ ಕೈ ಹತ್ತಿರ ತಂದರೂ ರಿಂಗಿಗೆ ರಿಂಗ್ ಬಡಿಯಲ್ಲ. ಆಡುವುದು ನಮ್ಮ ಕಾಫಿ ಗೋದಾಮಿನಲ್ಲಿ. ಮೂಟೆ ಎಲ್ಲಾ ಕ್ಯೂರಿಂಗ್‌ಗೆ ಹೋದಮೇಲೆ 18 ಅಡಿ ಉದ್ದ, 14 ಅಡಿ ಅಗಲ ಖಾಲಿ ಸಿಗುತ್ತದೆ. ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿದ್ದೇನೆ. ಕತ್ತಲಾದ ಮೇಲೆ ಬಾಗಿಲು ಹಾಕಿಕೊಂಡು ಆಡಿದರೆ ಆ ಸುಖವೇ ಬೇರೆ.

ಹಾಸನ_ಸ್ಟೇಷನ್:
ಗೋದಾಮಿನ ಫೋಟೋ ಹಾಕಿ ಅಣ್ಣ. ನನ್ನದು 8 ಅಡಿ ರೂಮು, ಮಂಚ ಎತ್ತಿ ನಿಲ್ಲಿಸಿ ಆಡಬೇಕು. ಮೂಡಿಗೆರೆಯವರೇ, ಕನ್ನಡಿ ಮುಚ್ಚಿದಿರಾ?

ಮೂಡಿಗೆರೆ_ಮಳೆ:
ಕನ್ನಡಿಯೂ ಇಲ್ಲ, ಸೀರಿಯಲ್ ಲೈಟೂ ಇಲ್ಲ. ಹಗಲಲ್ಲಿ, ರಾತ್ರಿ, ಬೇರೆ ರೂಮಿನಲ್ಲಿ ಎಲ್ಲಾ ಕಡೆ ನೋಡಿದೆ. ಬೆಳಕಿನ ಮಾತು ಸಾಕು, ದಯವಿಟ್ಟು.

ಬೇಲೂರು_ಬೆಸುಗೆ:
ಎರಡು ಪ್ರಶ್ನೆ. ಕೈ ನಿಂತಾಗ ಬಟನ್ ಒತ್ತಿದರೆ ಕೆಲಸ ಮಾಡುತ್ತದಾ? ನಿಲ್ಲುವುದು ಸುಮ್ನೆ ಹಿಡಿದಾಗಲೋ, ಜೋರಾಗಿ ಬೀಸಿದಾಗಲೋ?
ಕ್ಯಾಮೆರಾಕ್ಕೆ ಕಾಣದೆ ಹೋದರೆ ಕೈ ಜಾಗ ಮಾತ್ರ ತಪ್ಪುತ್ತದೆ, ಬಟನ್ ನಡೆಯುತ್ತಲೇ ಇರುತ್ತದೆ. ಬಟನ್ನೂ ಸತ್ತರೆ ಅದು ಬೆಳಕಿನ ವಿಷಯ ಅಲ್ಲ, ಕರೆಂಟ್ ಹೋಗುತ್ತಿದೆ.

ಮೂಡಿಗೆರೆ_ಮಳೆ:
ಈಗ ನೋಡಿ ಬಂದೆ. ಬೀಸಿದಾಗ ಮಾತ್ರ. ಬಟನ್ನೂ ಇಲ್ಲ, ವೈಬ್ರೇಷನ್ನೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಂಟ್ರೋಲರ್‌ನ ಚಿಕ್ಕ ದೀಪ ಹತ್ತುತ್ತದೆ.
ಇನ್ನೊಂದು ವಿಷಯ ಹೇಳಬೇಕಿತ್ತು. ಹೋದ ವಾರ ಅಟ್ಟದ ತೊಲೆಗೆ ಜೋರಾಗಿ ಬಡಿದಿದ್ದೆ. ರಿಂಗ್ ಒಡೆದಿರಲಿಲ್ಲ, ಅದಕ್ಕೇ ಬರೆಯಲಿಲ್ಲ. ಮತ್ತೆ ಮಳೆಗಾಲ ಪೂರ್ತಿ ಸೆಲ್ ಒಳಗೇ ಇಟ್ಟು ಬೀರುವಿನಲ್ಲಿ ಇಟ್ಟಿದ್ದೆ.

ಬೇಲೂರು_ಬೆಸುಗೆ:
ಇದು ಮೊದಲೇ ಗೊತ್ತಾಗಿದ್ದರೆ ಇಷ್ಟು ಸುತ್ತಬೇಕಿರಲಿಲ್ಲ. ಸೆಲ್ ತೆಗೆದು ಟಾರ್ಚ್ ಬಿಟ್ಟು ಸ್ಪ್ರಿಂಗ್ ನೋಡಿ. ಬೀಸಿದಾಗ ಸೆಲ್ ಸ್ಪ್ರಿಂಗನ್ನು ಅದುಮುತ್ತದೆ, ಆಗ ಇನ್ನೊಂದು ತುದಿಯಲ್ಲಿ ಒಂದು ಕ್ಷಣ ಬಿಟ್ಟುಕೊಳ್ಳುತ್ತದೆ. ಅಷ್ಟಕ್ಕೇ ಕಂಟ್ರೋಲರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಚಾರ್ಜ್ ಸೆಲ್ ತೂಕ ಸ್ವಲ್ಪ ಜಾಸ್ತಿ, ಅದರಲ್ಲಿ ಇನ್ನೂ ಬೇಗ ಆಗುತ್ತದೆ. ಕಡೂರಿನವರು ಹೇಳಿದ್ದರಲ್ಲಿ ಅಷ್ಟು ಸತ್ಯ ಇದೆ, ಆದರೆ ವೋಲ್ಟಿನಿಂದ ಅಲ್ಲ.

ಮೂಡಿಗೆರೆ_ಮಳೆ:
ಸ್ಪ್ರಿಂಗ್ ಒಂದು ಬದಿಗೆ ವಾಲಿದೆ. ಕೆಳಗಿನ ಎರಡು ಸುತ್ತಿನಲ್ಲಿ ಬಿಳಿ ಪುಡಿ ಕಟ್ಟಿದೆ. ಮುಂದಿನ ತಗಡಿನ ಅಂಚಿಗೆ ಹಸಿರು ಕಿಲುಬು. ಉಗುರಲ್ಲಿ ಕೆರೆದರೆ ಉದುರುತ್ತದೆ.

ಬೇಲೂರು_ಬೆಸುಗೆ:
ಉಗುರು ಹಾಕಬೇಡಿ. ಆ ಬಿಳಿ ಪುಡಿ ಮಾಮೂಲಿ ಸೆಲ್ ಸೋರಿದ್ದು, ಕ್ಷಾರ. ಕೈ ಚರ್ಮಕ್ಕೂ ಒಳ್ಳೆಯದಲ್ಲ. ಇಯರ್ ಬಡ್‌ಗೆ ಎರಡು ಹನಿ ನಿಂಬೆರಸ ಹಾಕಿ ಒರೆಸಿ, ಸಣ್ಣಗೆ ನೊರೆ ಬಂದರೆ ಹೆದರಬೇಡಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಹುಳಿ ಅಲ್ಲೇ ಉಳಿದರೆ ಅದೇ ತಗಡನ್ನು ತಿನ್ನುತ್ತದೆ. ಒಂದು ರಾತ್ರಿ ಒಣಗಲಿ. ಬೇಗ ಒಣಗಲಿ ಅಂತ ಒಲೆ ಮೇಲಿನ ಅಟ್ಟಕ್ಕೆ ಹಾಕಬೇಡಿ, ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ. ಬೆಳಿಗ್ಗೆ ಚಿಮಟದಲ್ಲಿ ಸ್ಪ್ರಿಂಗನ್ನು ಮೆಲ್ಲಗೆ ನೆಟ್ಟಗೆ ಮಾಡಿ ಒಂದೆರಡು ಮಿಲಿಮೀಟರ್ ಹೊರಗೆ ಎಳೆಯಿರಿ. ಸೆಲ್ ಪಕ್ಕಕ್ಕೆ ಅಲುಗಾಡಿದರೆ ಕಾಗದ ಮಡಚಿ ಇಡಿ.

ಮೂಡಿಗೆರೆ_ಮಳೆ:
ಅಣ್ಣ, ನಲವತ್ತು ನಿಮಿಷ ಬೀಸಿದೆ. ಒಂದು ಸಲವೂ ನಿಲ್ಲಲಿಲ್ಲ! ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.
ಒಂದೇ ಒಂದು ಉಳಿಯಿತು. ಕೈ ಬಿಟ್ಟರೂ ಆಟದಲ್ಲಿ ನಾನು ತಾನಾಗಿಯೇ ಎಡಕ್ಕೆ ನಡೆಯುತ್ತೇನೆ. ಇದು ಮೊದಲಿಂದಲೂ ಇತ್ತು.

ಬೇಲೂರು_ಬೆಸುಗೆ:
ಅದು ನಡೆಯಲು ಹೆಬ್ಬೆರಳಲ್ಲಿ ತಳ್ಳುವ ಸ್ಟಿಕ್‌ನ ಸವೆತ. ಒಳಗೆ ಕಾರ್ಬನ್ ಪಟ್ಟಿಯ ಮೇಲೆ ಸಣ್ಣ ಲೋಹದ ಕಡ್ಡಿ ಉಜ್ಜುತ್ತಾ ಓಡಾಡುತ್ತದೆ. ಪಟ್ಟಿ ಸವೆದರೆ, ಧೂಳು ಕೂತರೆ ನಡು ಎಲ್ಲಿ ಅಂತ ಅದಕ್ಕೆ ತಿಳಿಯುವುದಿಲ್ಲ. ಕ್ಲೀನರ್ ಹೊಡೆದರೆ ಕೆಲವು ದಿನ ನಿಲ್ಲಬಹುದು, ಆಮೇಲೆ ಮತ್ತೆ ಶುರು. ಹಾಲ್ ಸೆನ್ಸರ್ ಸ್ಟಿಕ್ ಆದರೆ ಅಯಸ್ಕಾಂತದಲ್ಲಿ ಅಳೆಯುತ್ತದೆ, ಉಜ್ಜುವ ಪಟ್ಟಿಯೇ ಇಲ್ಲ. ಒಳಗಿನ ಬೋರ್ಡ್ ಫೋಟೋ ಹಾಕಿ, ನಿಮ್ಮದಕ್ಕೆ ಕೂರುತ್ತದಾ ನೋಡೋಣ.

ಹಾಸನ_ಸ್ಟೇಷನ್:
ಎಡಕ್ಕೆ ಮಾತ್ರ ನಡೆಯುವುದಾದರೆ ಒಂದು ಸಲ ಕಿಟಕಿ ಯಾವ ಕಡೆ ಇದೆ ನೋಡಿ.

ಬೇಲೂರು_ಬೆಸುಗೆ:
ಸ್ಟಿಕ್‌ಗೂ ಕಿಟಕಿಗೂ ಸಂಬಂಧ ಇಲ್ಲ ಸಾರ್.

ಕಡೂರು_ತೆಂಗು:
ನನ್ನ ಎಡಗೈ ಕಂಟ್ರೋಲರ್‌ನಲ್ಲೂ ಬಿಳಿ ಪುಡಿ ಸಿಕ್ಕಿತು. ಆದರೆ ಸೆಲ್ ಮುಚ್ಚಳದ ಕೊಕ್ಕೆಯೂ ಮುರಿದಿದೆ. ರಬ್ಬರ್ ಬ್ಯಾಂಡ್ ಹಾಕಿ ಎಷ್ಟು ದಿನ ಆಡಬಹುದು?