ಹಳೆಯ ವಿದ್ಯಾರ್ಥಿ ಸಂಘದ ಹೊಸ ಸಮಿತಿಯ ಪರಿಚಯ: ಏನು ಬರೆಯಬೇಕು, ಏನು ಬಿಡಬೇಕು?

ಚಿಗುರೆಲೆ ಕೇಳಿದ್ದು:

ನಮ್ಮ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ ಸಂಘಕ್ಕೆ ಹೊಸ ಕಾರ್ಯಕಾರಿ ಸಮಿತಿ ಆಯ್ಕೆಯಾಗಿದೆ. ಒಟ್ಟು 9 ಜನ, ಎಲ್ಲರೂ ಸಂಬಳವಿಲ್ಲದೆ ಕೆಲಸ ಮಾಡುವವರು. ಇವರನ್ನು ಸದಸ್ಯರಿಗೆ ಪರಿಚಯಿಸುವ ಹೊಣೆ ನನ್ನದು. ಪರಿಚಯ ಬರೆದುಕೊಡಿ ಎಂದರೆ ಒಬ್ಬರು ಎರಡು ಸಾಲು ಕಳಿಸಿದ್ದಾರೆ, ಇನ್ನೊಬ್ಬರು 3 ಪುಟದ ಬಯೋಡೇಟಾ. ಫೋಟೋಗಳೂ ಒಂದೊಂದು ಒಂದೊಂದು ಅಳತೆಯವು. ಸಂಘದ ಪುಟಕ್ಕೂ ಮಹಾಸಭೆಯ ವೇದಿಕೆಗೂ ಆಗುವಂತೆ ಇದನ್ನು ಹೇಗೆ ಸಿದ್ಧಪಡಿಸುವುದು? ಫೋನ್ ನಂಬರ್ ಹಾಕಬಹುದೇ?

ಕಡತಪಾಲಕ ಉತ್ತರಿಸಿದ್ದು:

"ನಿಮ್ಮ ಬಗ್ಗೆ ಬರೆದುಕೊಡಿ" ಎಂದು ಕೇಳಿದರೆ ಬಯೋಡೇಟಾನೇ ಬರುತ್ತದೆ. ಕೆಲಸ ಹುಡುಕುವಾಗ ಬರೆದಿಟ್ಟದ್ದು ಎಲ್ಲರ ಬಳಿಯೂ ಇರುತ್ತದೆ, ಅದನ್ನೇ ಕಳಿಸುತ್ತಾರೆ. ಸಂಘದ ಸದಸ್ಯರಿಗೆ ಬೇಕಿರುವುದು ಬೇರೆ: ಈ ವ್ಯಕ್ತಿ ಸಂಘದಲ್ಲಿ ಏನು ನೋಡಿಕೊಳ್ಳುತ್ತಾರೆ, ಯಾವ ವಿಷಯಕ್ಕೆ ಇವರನ್ನು ಕೇಳಬೇಕು. ಹಾಗಾಗಿ ಎಲ್ಲರಿಗೂ ಒಂದೇ ಪ್ರಶ್ನೆಪಟ್ಟಿ ಕಳಿಸಿ. ಹೆಸರು ಹೇಗೆ ಅಚ್ಚಾಗಬೇಕು, ಓದುವಾಗ ಬೇರೆ ಹೆಸರಿದ್ದರೆ ಅದನ್ನೂ ಹಾಕಬೇಕೆ, ಪದವಿ ಮತ್ತು ವಿಭಾಗ, ಪಾಸಾದ ವರ್ಷ, ಸಮಿತಿಯಲ್ಲಿ ವಹಿಸಿಕೊಂಡ ಕೆಲಸ, ಈ ಅವಧಿಯಲ್ಲಿ ಮುಗಿಸಬೇಕೆಂದಿರುವ ಒಂದು ಕೆಲಸ. ಇಷ್ಟು ಸಾಕು. ಮದುವೆಯ ನಂತರ ಹೆಸರು ಬದಲಾದವರನ್ನು ಹಳೆಯ ಹೆಸರಿನಿಂದಲೇ ಸಹಪಾಠಿಗಳು ಗುರುತಿಸುವುದು. ಆದರೆ ಅದನ್ನು ಹಾಕುವುದೋ ಬಿಡುವುದೋ ಅವರೇ ಹೇಳಬೇಕು.

"2009ರ ಬ್ಯಾಚ್" ಎಂದು ಮಾತ್ರ ಬರೆಯಬೇಡಿ. ಕೆಲವರಿಗೆ ಅದು ಸೇರಿದ ವರ್ಷ, ಕೆಲವರಿಗೆ ಮುಗಿಸಿದ ವರ್ಷ. ಮೂರು ವರ್ಷದ ಕೋರ್ಸಿನಲ್ಲಿ ಅಷ್ಟೇ ಅಂತರ ಬಂದುಬಿಡುತ್ತದೆ. ಎಲ್ಲರಿಗೂ ಪಾಸಾದ ವರ್ಷವನ್ನೇ ಕೊಡಿ.

ಒಬ್ಬೊಬ್ಬರಿಗೆ 50ರಿಂದ 60 ಪದ. ಸಾಮಾನ್ಯವಾಗಿ ಬರುವ ಬರಹ ಹೀಗಿರುತ್ತದೆ: "ಲೆಕ್ಕಪತ್ರ ಕ್ಷೇತ್ರದಲ್ಲಿ ಅಪಾರ ಅನುಭವವುಳ್ಳ, ಬಹುಮುಖ ಪ್ರತಿಭೆಯ, ಸರಳ ಸಜ್ಜನಿಕೆಯ ವ್ಯಕ್ತಿ." ಇದನ್ನು ಓದಿದವರಿಗೆ ಏನೂ ತಿಳಿಯಲಿಲ್ಲ. ಬದಲಿಗೆ ಹೀಗೆ ಬರೆಯಿರಿ: "ಖಜಾಂಚಿ. ಬಿ.ಎಸ್ಸಿ., ಭೌತಶಾಸ್ತ್ರ, 2009. ಸದಸ್ಯತ್ವ ಶುಲ್ಕದ ರಸೀದಿ, ವಿದ್ಯಾರ್ಥಿವೇತನ ನಿಧಿಯ ಪಾವತಿ ಮತ್ತು ವಾರ್ಷಿಕ ಲೆಕ್ಕಪರಿಶೋಧನೆ ಇವರ ಜವಾಬ್ದಾರಿ. ರಸೀದಿ ಬಾರದಿದ್ದರೆ, ದೇಣಿಗೆ ಯಾವ ನಿಧಿಗೆ ಸೇರಿತು ಎಂದು ತಿಳಿಯಬೇಕಿದ್ದರೆ ಇವರನ್ನು ಕೇಳಿ. ಪಾವತಿ ಆದ ಕೂಡಲೇ ರಸೀದಿ ತಾನಾಗಿ ಹೋಗುವ ವ್ಯವಸ್ಥೆ ತರುವುದು ಈ ಅವಧಿಯ ಗುರಿ." ಹೊಗಳಿಕೆಯ ಒಂದು ಪದವೂ ಇಲ್ಲದೆ ಇವರ ಮೇಲೆ ನಂಬಿಕೆ ಹುಟ್ಟುತ್ತದೆ.

ಬರಹವನ್ನು ನೀವೇ ತಿದ್ದಿ ಕಳಿಸಿ, "ಸರಿಯಿದೆ" ಎಂಬ ಉತ್ತರ ಬಂದ ಮೇಲೆಯೇ ಪ್ರಕಟಿಸಿ. 3 ಪುಟ ಕಳಿಸಿದವರಿಗೆ "ಚಿಕ್ಕದು ಮಾಡಿ" ಎಂದು ಹೇಳುವುದಕ್ಕಿಂತ, 60 ಪದದ ಕರಡನ್ನೇ ಕೈಗಿಟ್ಟರೆ ಬೇಗ ಒಪ್ಪುತ್ತಾರೆ. ಶ್ರೀ, ಶ್ರೀಮತಿ, ಡಾ. ಹಾಕುವುದಾದರೆ ಎಲ್ಲರಿಗೂ ಹಾಕಿ, ಇಲ್ಲವೇ ಯಾರಿಗೂ ಬೇಡ.

ಬೆಳಕಿಂಡಿ ಉತ್ತರಿಸಿದ್ದು:

ಫೋಟೋ ಮತ್ತು ಸಂಪರ್ಕದ ಬಗ್ಗೆ ನಾನು ಹೇಳುತ್ತೇನೆ.

ಎಲ್ಲವೂ 4:5 ಅನುಪಾತದ ನಿಲುವಿನ ಚಿತ್ರಗಳಾಗಲಿ, ಕನಿಷ್ಠ 800×1000 ಪಿಕ್ಸೆಲ್. ಮುದ್ರಣದಲ್ಲಿ 5 ಸೆಂ.ಮೀ. ಅಗಲದ ಚಿತ್ರಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ಸುಮಾರು 600 ಪಿಕ್ಸೆಲ್ ಬೇಕು, ಆದ್ದರಿಂದ ಈ ಅಳತೆ ಎರಡಕ್ಕೂ ಆಗುತ್ತದೆ. ಕತ್ತರಿಸುವಾಗ ಕಣ್ಣುಗಳು ಮೇಲಿನಿಂದ ಮೂರನೇ ಒಂದು ಭಾಗದಲ್ಲಿ ಬರುವಂತೆ ಎಲ್ಲ 9 ಚಿತ್ರಗಳನ್ನೂ ಹೊಂದಿಸಿ. ಹಿನ್ನೆಲೆ ಬೇರೆಬೇರೆ ಇದ್ದರೂ ಸಾಲು ಒಪ್ಪವಾಗಿ ಕಾಣುವುದು ಇದರಿಂದಲೇ. ಹೊಸದಾಗಿ ತೆಗೆಸುವುದಾದರೆ ಕಿಟಕಿಗೆ ಮುಖ ಮಾಡಿ, ಗೋಡೆಯಿಂದ ಒಂದು ಮೀಟರಾದರೂ ಮುಂದೆ ನಿಲ್ಲಲಿ. ಗೋಡೆಗೆ ಒರಗಿದರೆ ನೆರಳು ತಲೆಯ ಹಿಂದೆಯೇ ಬೀಳುತ್ತದೆ. ಫೋನನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ಒಂದೂವರೆ ಮೀಟರ್ ದೂರದಿಂದ ತೆಗೆಯಿರಿ. ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗಿ, ಕಿವಿ ಸಣ್ಣದಾಗಿ ಕಾಣುತ್ತವೆ.

ವಾಟ್ಸಾಪ್‌ನಲ್ಲಿ ಸುಮ್ಮನೆ ಫೋಟೋ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಆದರೆ ಹಾಗೆ ಬಂದ ಮೂಲ ಫೈಲಿನೊಳಗೆ ಫೋಟೋ ತೆಗೆದ ಜಾಗದ ಜಿಪಿಎಸ್ ಗುರುತೂ ಇರಬಹುದು, ಮನೆಯಲ್ಲಿ ತೆಗೆದದ್ದಾದರೆ ಮನೆಯ ಗುರುತೇ. ಪ್ರಕಟಿಸುವ ಮುನ್ನ ಆ ಮಾಹಿತಿಯನ್ನು ತೆಗೆದು ಹೊಸ ಪ್ರತಿ ಉಳಿಸಿ.

ವೈಯಕ್ತಿಕ ಫೋನ್ ನಂಬರ್, ಸ್ವಂತ ಇಮೇಲ್ ಎರಡೂ ಬೇಡ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಈ ಹುದ್ದೆಗಳ ಹೆಸರಿನಲ್ಲಿಯೇ ಇಮೇಲ್ ಪೆಟ್ಟಿಗೆ ಮಾಡಿ, ಸಮಿತಿ ಬದಲಾದಾಗ ಅದೇ ಮುಂದಿನವರಿಗೆ ಹೋಗುತ್ತದೆ. ಸ್ವಂತ ಇಮೇಲಿಗೆ ಫಾರ್ವರ್ಡ್ ಮಾಡಿಟ್ಟರೆ ಸಾಲದೇ ಎಂದು ಅನಿಸಬಹುದು. ಹಾಗೆ ದಾಟಿಸಿದ ಪತ್ರಗಳು ಎಸ್‌ಪಿಎಫ್ ಪರೀಕ್ಷೆಯಲ್ಲಿ (ಆ ವಿಳಾಸದ ಪರವಾಗಿ ಕಳಿಸಲು ಆ ಸರ್ವರಿಗೆ ಅನುಮತಿ ಇದೆಯೇ ಎಂದು ನೋಡುವ ತಪಾಸಣೆ) ಸೋತು ಸ್ಪ್ಯಾಮಿಗೆ ಬೀಳುವುದುಂಟು, ಕಳಿಸಿದವರಿಗೆ ಅದು ಗೊತ್ತೇ ಆಗುವುದಿಲ್ಲ. ನಿಜವಾದ ಪೆಟ್ಟಿಗೆಯೇ ಇರಲಿ. ಅಧಿಕಾರ ಹಸ್ತಾಂತರದ ದಿನ ಪಾಸ್‌ವರ್ಡ್ ಜೊತೆಗೆ ರಿಕವರಿ ಫೋನ್ ನಂಬರನ್ನೂ ಬದಲಿಸಿ. ಹೆಚ್ಚಿನವರು ಮರೆಯುವುದು ಇದನ್ನೇ. ಆಮೇಲೆ ಒಟಿಪಿ ಹಳೆಯ ಖಜಾಂಚಿಯ ಫೋನಿಗೆ ಹೋಗುತ್ತಿರುತ್ತದೆ.

ಇನ್ನೊಂದು ಅಪಾಯ. ಅಧ್ಯಕ್ಷರು ಯಾರು, ಖಜಾಂಚಿ ಯಾರು ಎಂದು ಪ್ರಕಟವಾದ ಕೂಡಲೇ ವಂಚಕರಿಗೂ ಅದು ತಿಳಿಯುತ್ತದೆ. ಅಧ್ಯಕ್ಷರ ಹೆಸರಿನಲ್ಲಿ, ಒಂದಕ್ಷರ ಮಾತ್ರ ಬೇರೆಯಿರುವ ವಿಳಾಸದಿಂದ "ಸಭೆಯಲ್ಲಿದ್ದೇನೆ, ತುರ್ತಾಗಿ ಹಣ ಕಳಿಸಿ" ಎಂಬ ಪತ್ರ ಖಜಾಂಚಿಗೆ ಬರುತ್ತದೆ. ಇಮೇಲ್ ನೋಡಿ ಮಾತ್ರ ಹಣ ಬಿಡುಗಡೆ ಮಾಡುವಂತಿಲ್ಲ, ಮೊದಲೇ ಗೊತ್ತಿರುವ ನಂಬರಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು, ಪ್ರತಿ ಪಾವತಿಗೂ ಇಬ್ಬರ ಒಪ್ಪಿಗೆ ಬೇಕು. ಈ ನಿಯಮ ಪರಿಚಯ ಪ್ರಕಟವಾಗುವ ಮೊದಲೇ ಜಾರಿಯಲ್ಲಿರಲಿ.

ಚಿಗುರೆಲೆ:

ಇಬ್ಬರಿಗೂ ಧನ್ಯವಾದ. ಇನ್ನೂ ಎರಡು ಅನುಮಾನ. ಒಬ್ಬ ಸದಸ್ಯರು ಫೋಟೋ ಬೇಡವೇ ಬೇಡ ಎನ್ನುತ್ತಿದ್ದಾರೆ. ಮತ್ತೆ, ಯಾರನ್ನು ಮೊದಲು ಹಾಕಬೇಕು? ಹಿರಿತನಕ್ಕೆ ಬೆಲೆ ಕೊಡಬೇಕು ಎಂಬ ಮಾತು ಬಂದಿದೆ.

ಠರಾವು ಪುಸ್ತಕ ಉತ್ತರಿಸಿದ್ದು:

ಫೋಟೋ ಬೇಡ ಎಂದರೆ ಬೇಡ, ಕಾರಣ ಕೇಳಬೇಡಿ. ಆ ಜಾಗದಲ್ಲಿ ಬೂದು ಬಣ್ಣದ ಆಕೃತಿ ಹಾಕಿದರೆ ಏನೋ ಕಳೆದುಹೋದಂತೆ ಕಾಣುತ್ತದೆ. ಅದೇ ಅಳತೆಯ ಚೌಕಟ್ಟಿನಲ್ಲಿ ಹೆಸರಿನ ಮೊದಲ ಅಕ್ಷರವನ್ನೋ ಸಂಘದ ಲಾಂಛನವನ್ನೋ ಇಡಿ. ಎಲ್ಲರಿಂದಲೂ ಬರಹದಲ್ಲಿ ಒಪ್ಪಿಗೆ ಪಡೆಯಿರಿ: ಯಾವ ವಿವರ, ಎಲ್ಲೆಲ್ಲಿ, ಯಾವ ದಿನಾಂಕದವರೆಗೆ. ಹುಟ್ಟಿದ ದಿನ, ಮನೆ ವಿಳಾಸ, ಮಕ್ಕಳ ಹೆಸರು ಕೇಳಲೇಬೇಡಿ.

ಕ್ರಮಕ್ಕೆ ಬೈಲಾ (ಸಂಘದ ನಿಯಮಾವಳಿ) ಬಿಟ್ಟರೆ ಬೇರೆ ಆಧಾರ ಬೇಡ. ಅಲ್ಲಿ ಹುದ್ದೆಗಳು ಯಾವ ಕ್ರಮದಲ್ಲಿವೆಯೋ ಹಾಗೆ ಪದಾಧಿಕಾರಿಗಳು, ಆಮೇಲೆ ಉಳಿದ ಸದಸ್ಯರು ಅಕಾರಾದಿಯಾಗಿ. ವಯಸ್ಸು, ಪಾಸಾದ ವರ್ಷ, ದೇಣಿಗೆಯ ಮೊತ್ತ ಇವುಗಳಲ್ಲಿ ಯಾವುದನ್ನು ಹಿಡಿದರೂ ಒಬ್ಬರಿಗೆ ಬೇಸರವಾಗುತ್ತದೆ, ಮುಂದಿನ ಸಮಿತಿಯೂ ಅದೇ ಜಗಳ ಆಡಬೇಕಾಗುತ್ತದೆ. ವಿಶ್ವವಿದ್ಯಾಲಯದ ಪ್ರತಿನಿಧಿ ಪದನಿಮಿತ್ತ (ಚುನಾವಣೆಯಿಂದಲ್ಲದೆ ಹುದ್ದೆಯ ಕಾರಣಕ್ಕೆ) ಸದಸ್ಯರಾಗಿದ್ದರೆ ಕೊನೆಯಲ್ಲಿ, ಮತದ ಹಕ್ಕು ಇದೆಯೋ ಇಲ್ಲವೋ ಎಂದು ನಮೂದಿಸಿ. ಸಂಬಳದ ಸಿಬ್ಬಂದಿ ಇದ್ದರೆ ಅವರಿಗೆ ಪ್ರತ್ಯೇಕ ಶೀರ್ಷಿಕೆ. ಎಲ್ಲರನ್ನೂ ಬೆರೆಸಿದರೆ ಸ್ವಯಂಸೇವಕರಿಂದ ಕಚೇರಿ ಸಮಯದ ಸೇವೆ ನಿರೀಕ್ಷಿಸುತ್ತಾರೆ. "ಸಮಿತಿಯ ಎಲ್ಲರೂ ಗೌರವ ಸೇವೆಯಲ್ಲಿದ್ದಾರೆ, ಉತ್ತರಕ್ಕೆ ಒಂದು ವಾರ ಬೇಕಾಗಬಹುದು" ಎಂಬ ಸಾಲು ಮೇಲ್ಗಡೆಯೇ ಇರಲಿ.

ಅವಧಿಯನ್ನು "2025–27" ಎಂದು ಬರೆದರೆ ಎಲ್ಲಿಂದ ಎಲ್ಲಿಗೆ ಎಂದು ತಿಳಿಯದು. "ಜುಲೈ 2025ರಿಂದ ಜೂನ್ 2027ರವರೆಗೆ" ಎಂದೇ ಬರೆಯಿರಿ. ವರ್ಷಕ್ಕೆ ಅರ್ಧದಷ್ಟು ಸ್ಥಾನಗಳು ಮಾತ್ರ ಖಾಲಿಯಾಗುವ ಪದ್ಧತಿ ನಿಮ್ಮಲ್ಲಿದ್ದರೆ ಇದು ಇನ್ನೂ ಮುಖ್ಯ, ಯಾವ ಸ್ಥಾನಕ್ಕೆ ಯಾವಾಗ ಚುನಾವಣೆ ಎಂದು ಸದಸ್ಯರಿಗೆ ಗೊತ್ತಾಗುವುದು ಅಲ್ಲಿಂದಲೇ. ಖಾಲಿ ಸ್ಥಾನವನ್ನು ಮರೆಮಾಡಬೇಡಿ, "ಖಾಲಿ ಇದೆ" ಎಂದು ತೋರಿಸಿ. ಆಸಕ್ತರು ಮುಂದೆ ಬರುವುದು ಅದನ್ನು ನೋಡಿಯೇ.

ಕಡತಪಾಲಕರ ಪಟ್ಟಿಗೆ ನಾನು ಒಂದನ್ನು ಸೇರಿಸುತ್ತೇನೆ: ಈಗಿನ ಉದ್ಯೋಗ ಮತ್ತು ಸಂಸ್ಥೆಯ ಹೆಸರು. ಸಂಘವು ಅದೇ ಸಂಸ್ಥೆಯಿಂದ ಪ್ರಾಯೋಜಕತ್ವ ಪಡೆಯುವಾಗ, ಏನನ್ನಾದರೂ ಖರೀದಿಸುವಾಗ ಹಿತಾಸಕ್ತಿ ಸಂಘರ್ಷ ಸದಸ್ಯರ ಕಣ್ಣಿಗೆ ಬೀಳಬೇಕು. ಸಂಸ್ಥೆಯ ಹೆಸರು ಹೊರಗೆ ಬರಬಾರದು ಎನ್ನುವವರಿಂದ ಸಮಿತಿಯ ಒಳಗಿನ ಘೋಷಣಾ ಪತ್ರವನ್ನಾದರೂ ಪಡೆಯಿರಿ.

ವೇದಿಕೆಗೆ ಈ 60 ಪದವನ್ನು ಹಾಗೇ ಓದಬೇಡಿ. ಒಬ್ಬರಿಗೆ ಸುಮಾರು 40 ಸೆಕೆಂಡಿನಂತೆ 9 ಜನಕ್ಕೆ 6 ನಿಮಿಷ ಹಿಡಿಯುತ್ತದೆ, ನಾಲ್ಕನೆಯವರ ಹೊತ್ತಿಗೆ ಸಭೆ ಕೇಳುವುದನ್ನು ಬಿಟ್ಟಿರುತ್ತದೆ. ಹೆಸರು, ಪದವಿ, ವರ್ಷ, ನೋಡಿಕೊಳ್ಳುವ ಕೆಲಸ, ಇಷ್ಟನ್ನು 15 ಸೆಕೆಂಡಿನಲ್ಲಿ ಹೇಳಿ, ಒಬ್ಬೊಬ್ಬರೂ ಅವರ ಸರದಿಯಲ್ಲಿ ಎದ್ದು ನಿಲ್ಲಲಿ. ಹೆಸರಿನ ಉಚ್ಚಾರ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ, ಇನಿಷಿಯಲ್ ಬಿಡಿಸಿ ಓದಬೇಕೆ ಎಂಬುದನ್ನೂ.

ಹೊಸ ಖಜಾಂಚಿಯ ಹೆಸರು ಪ್ರಕಟವಾದರೂ ಬ್ಯಾಂಕಿನಲ್ಲಿ ಸಹಿದಾರರ ಬದಲಾವಣೆಗೆ ಸಭೆಯ ನಿರ್ಣಯದ ಪ್ರತಿ, ಕೆವೈಸಿ ಎಲ್ಲ ಬೇಕು, ಅದು ತಡವಾಗಬಹುದು. ಅಲ್ಲಿಯವರೆಗೆ ಪಾವತಿಗಳಿಗೆ ಹಳೆಯ ಸಹಿದಾರರೇ ಸಹಿ ಹಾಕುತ್ತಾರೆ ಎಂದು ಖಜಾಂಚಿಯ ಪರಿಚಯದ ಕೆಳಗೇ ತಿಳಿಸಿ, ಬ್ಯಾಂಕಿನ ದೃಢೀಕರಣ ಬಂದ ದಿನ ಆ ಸಾಲನ್ನು ತೆಗೆಯಿರಿ.